ಮೊದಲ ವರ್ಷ ಮಾವಿನ ಸಸಿ ಬೇಡ

ನಮ್ಮ ಸರ್ಕಾರಿ ಕಚೇರಿಗಳಲ್ಲಿ ಬೀಳ್ಕೊಡುಗೆಗೂ ಒಂದು ಸುಗ್ಗಿಯಿದೆ. ಅದು ಮೇ 31. ಐವತ್ತು ಅರವತ್ತು ವರ್ಷದ ಹಿಂದೆ ಮಗನನ್ನು ಶಾಲೆಗೆ ಸೇರಿಸಲು ಬಂದ ಅಪ್ಪನಿಗೆ ಹುಟ್ಟಿದ ತಾರೀಖು ನೆನಪಿರುತ್ತಿರಲಿಲ್ಲ. ಮೇಷ್ಟ್ರು ಶಾಲೆ ಶುರುವಾಗುವ ಹೊತ್ತಿಗೆ ಹೊಂದಿಸಿ ಜೂನ್ 1 ಎಂದು ಬರೆದುಕೊಂಡುಬಿಡುತ್ತಿದ್ದರು. ರಾಜ್ಯ ಸರ್ಕಾರಿ ನೌಕರರ ನಿವೃತ್ತಿ ವಯಸ್ಸು 60. ಒಂದನೇ ತಾರೀಖಿನಂದು ಹುಟ್ಟಿದವರು ಹಿಂದಿನ ತಿಂಗಳ ಕೊನೆಯ ದಿನವೇ ಹೊರಡಬೇಕೆಂಬುದು ನಿಯಮ. ಹಾಗಾಗಿ ಮೇಷ್ಟ್ರ ಲೆಕ್ಕದ ಮಕ್ಕಳೆಲ್ಲ ಒಂದೇ ದಿನ ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ ಹೊತ್ತು ಮನೆಗೆ ಬರುತ್ತಾರೆ. ಮರುದಿನ ಬೆಳಿಗ್ಗೆ ಎದ್ದರೆ ರೋಹಿಣಿ ಮಳೆ ಹುಯ್ದು ನೆಲ ಒದ್ದೆ, ಕೈ ಖಾಲಿ. ಗ್ರಾಚ್ಯುಟಿ, ಕಮ್ಯುಟೇಷನ್ ಹಣದಲ್ಲಿ ಮನೆ ಮುಗಿಸಿದವರಾದರೆ ಸುತ್ತ ಒಂದಿಷ್ಟು ಬರಿ ಮಣ್ಣೂ ಇರುತ್ತದೆ. ಗಿಡ ನೆಡುವ ಆಸೆ ಹುಟ್ಟಲು ಇಷ್ಟು ಸಾಕು.

ಆಸೆಗಿಂತ ಬೇಗ ನರ್ಸರಿಯ ಗೂಡ್ಸ್ ಆಟೋ ಬರುತ್ತದೆ. ಮುಂದೆ ಹುಲ್ಲುಹಾಸು, ಗೇಟಿನ ಎರಡು ಕಡೆ ಅಲಂಕಾರದ ಪಾಮ್, ಮೂಲೆಗೊಂದು ತೆಂಗು, ಮಧ್ಯದಲ್ಲಿ ಬಾದಾಮಿ ಮಾವಿನ ಕಸಿ ಗಿಡ, ಸಂಪಿನ ಪಕ್ಕ ಸಂಪಿಗೆ. ಒಂದೇ ಮಧ್ಯಾಹ್ನದಲ್ಲಿ ತೋಟ ಸಿದ್ಧ. ಮೈಸೂರಿನ ಹೊಸ ಬಡಾವಣೆಗಳಲ್ಲಿ ಇಂಥ ತೋಟಗಳನ್ನು ನೋಡುತ್ತಲೇ ಇದ್ದೇನೆ. ಮುಂದಿನ ಯುಗಾದಿಗೆ ಹುಲ್ಲು ಕಂದು, ಮಾವು ಪಕ್ಕದ ಮನೆಯ ನೆರಳಲ್ಲಿ ಕುಗ್ಗಿ ನಿಂತಿರುತ್ತದೆ, ಸಂಪಿಗೆಯ ಬೇರು ಸಂಪಿನ ಗೋಡೆ ಹುಡುಕುತ್ತಿರುತ್ತದೆ. ನನ್ನ ಮಾತು ಇಷ್ಟೇ: ಹೊಸ ಮನೆಗೆ ಹೋದವರು ಮೊದಲ ವರ್ಷ ಮರವಾಗುವ ಯಾವುದನ್ನೂ ನೆಡಬಾರದು. ಆ ಒಂದು ವರ್ಷ ಬಿಸಿಲು, ಮಳೆ, ಗಾಳಿ, ಮಣ್ಣು ಈ ನಾಲ್ಕನ್ನು ನೋಡಬೇಕು. ಕೆಲಸದಲ್ಲಿದ್ದಾಗ ಆಗದ ಮಾತು ಇದು. ಈಗಲಾದರೋ ಹಗಲಿಡೀ ಮನೆಯಲ್ಲೇ ಇರುತ್ತೇವೆ.

ವರ್ಗಾವಣೆಯ ಬದುಕು ಬಾಳಿದವರಿಗೆ ಈ ತಾಳ್ಮೆ ಕಷ್ಟ ಎಂದು ಗೊತ್ತು. ಕ್ವಾರ್ಟರ್ಸಿನಲ್ಲಿ ನಾವು ನೆಟ್ಟ ತೆಂಗಿನ ಎಳನೀರು ಬೇರೆ ಯಾರೋ ಕುಡಿದರು, ಯಾರೋ ನೆಟ್ಟ ನುಗ್ಗೆಯ ಹುಳಿ ನಾವು ಉಂಡೆವು. ಈಗ ಸ್ವಂತ ನೆಲ ಸಿಕ್ಕಿದೆ. ನಮ್ಮವರಂತೂ ಗೃಹಪ್ರವೇಶದ ಬಾಳೆಕಂಬ ಬಾಡುವ ಮೊದಲೇ ಮಾವಿಗೆ ಗುಂಡಿ ತೋಡಲು ಹೊರಟಿದ್ದರು. ತಡೆದವನು ವಾರಕ್ಕೊಮ್ಮೆ ಇಲವಾಲದ ಕಡೆಯಿಂದ ಬರುವ ಮಾಲಿ. "ಸಾರ್, ಮನೆಗೆ ಸೊಸೆ ತರೋವಾಗ ಎಷ್ಟು ವಿಚಾರಿಸ್ತೀರಿ? ಮರ ಸೊಸೆಗಿಂತ ಜಾಸ್ತಿ ದಿನ ಇರ್ತದೆ," ಎಂದ. ಸೊಸೆಯ ಮಾತು ನನಗೆ ಹಿಡಿಸಲಿಲ್ಲ, ಮರದ ಮಾತು ಹಿಡಿಸಿತು.

ಬಿಸಿಲಿನಿಂದ ಶುರುಮಾಡೋಣ, ಏಕೆಂದರೆ ಜನ ತೀರ ತಪ್ಪು ತಿಳಿದಿರುವುದು ಇದನ್ನೇ. ದಕ್ಷಿಣದ ಕಡೆ ಬಿಸಿಲು, ಉತ್ತರದ ಕಡೆ ನೆರಳು ಎಂದು ಇಂಗ್ಲಿಷ್ ತೋಟದ ಪುಸ್ತಕಗಳು ಹೇಳುತ್ತವೆ. ಅದು ಲಂಡನ್ನಿಗೆ ಸರಿ. ಮೈಸೂರು ಇರುವುದು ಸಮಭಾಜಕ ವೃತ್ತದಿಂದ ಹನ್ನೆರಡು ಡಿಗ್ರಿ ಚಿಲ್ಲರೆ ಉತ್ತರಕ್ಕೆ. ಇಲ್ಲಿ ಸೂರ್ಯ ವರ್ಷಕ್ಕೆ ಎರಡು ಸಲ ನೆತ್ತಿಯ ನೇರಕ್ಕೇ ಬರುತ್ತಾನೆ, ಏಪ್ರಿಲ್ ಕೊನೆಯ ಹೊತ್ತಿಗೆ ಒಮ್ಮೆ, ಆಗಸ್ಟ್ ಮೂರನೇ ವಾರದ ಹೊತ್ತಿಗೆ ಇನ್ನೊಮ್ಮೆ. ಆ ದಿನ ನಡುಹಗಲಲ್ಲಿ ಕಂಬಕ್ಕೆ ನೆರಳೇ ಇರುವುದಿಲ್ಲ. ಬೆಂಗಳೂರಿನ ಶಾಲೆಗಳಲ್ಲಿ ಇದನ್ನೇ ಶೂನ್ಯ ನೆರಳಿನ ದಿನ ಎಂದು ಮಕ್ಕಳಿಗೆ ತೋರಿಸುತ್ತಾರೆ. ಇವೆರಡರ ನಡುವಿನ ಸುಮಾರು ನಾಲ್ಕು ತಿಂಗಳು ನಡುಹಗಲ ಸೂರ್ಯ ನಮ್ಮ ಉತ್ತರಕ್ಕೆ ಇರುತ್ತಾನೆ. ಅಂದರೆ ಮೇ ತಿಂಗಳಲ್ಲಿ ಮನೆಯ ಉತ್ತರದ ಗೋಡೆಗೆ ಬಿಸಿಲು ಬಡಿಯುತ್ತದೆ. ತಂಪಾಗಿರಲಿ ಎಂದು ಅಲ್ಲಿಟ್ಟ ಜರೀಗಿಡ, ಆಂಥೂರಿಯಂ ಸುಟ್ಟುಹೋಗುವುದು ಆಗಲೇ.

ಡಿಸೆಂಬರಿನಲ್ಲಿ ಇದು ತಿರುಗುಮುರುಗು. ಡಿಸೆಂಬರ್ 21ರ ಆಸುಪಾಸಿನಲ್ಲಿ ನಡುಹಗಲ ಸೂರ್ಯ ನೆತ್ತಿಯಿಂದ ಮೂವತ್ತೈದು ಡಿಗ್ರಿಗೂ ಹೆಚ್ಚು ದಕ್ಷಿಣಕ್ಕೆ ವಾಲಿರುತ್ತಾನೆ. ಆಗ 23 ಅಡಿ ಎತ್ತರದ ಎರಡು ಅಂತಸ್ತಿನ ಮನೆಯ ನೆರಳು ಉತ್ತರಕ್ಕೆ 16 ಅಡಿಯಷ್ಟು ಚಾಚಿಕೊಳ್ಳುತ್ತದೆ. ಕಾಂಪೌಂಡಿಗೂ ಮನೆಗೂ ನಡುವೆ ನಾವು ಬಿಡುವುದು ಐದಾರು ಅಡಿ. ಚಳಿಗಾಲ ಪೂರ್ತಿ ಆ ಪಟ್ಟಿ ಬಿಸಿಲು ಕಾಣುವುದಿಲ್ಲ. ಟೊಮೆಟೊ, ಗುಲಾಬಿ, ಕ್ಯಾರೆಟ್ಟು ಚೆನ್ನಾಗಿ ಬರುವುದು ಆ ಮಾಗಿಯಲ್ಲೇ. ಇನ್ನೊಂದು ಸಂಗತಿ. ನಿಮ್ಮ ದಕ್ಷಿಣಕ್ಕೆ ಖಾಲಿ ಸೈಟಿದ್ದರೆ ಸಂತೋಷಪಡಬೇಡಿ. ಇಂದಲ್ಲ ನಾಳೆ ಅಲ್ಲಿ ಮೂರು ಅಂತಸ್ತು ಏಳುತ್ತದೆ. ಅದು ಎದ್ದ ವರ್ಷ ಡಿಸೆಂಬರಿನ ನಿಮ್ಮ ತೋಟ ಅವರ ನೆರಳಿಗೆ ಸೇರುತ್ತದೆ. ಮರದ ಜಾಗ ಗೊತ್ತುಮಾಡುವಾಗ ಇಲ್ಲದ ಆ ಮನೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು.

ನೆರಳು ಅಳೆಯುವುದಕ್ಕೆ ದೊಡ್ಡ ವಿದ್ಯೆ ಬೇಡ. ಮಾರ್ಚ್, ಜೂನ್, ಸೆಪ್ಟೆಂಬರ್, ಡಿಸೆಂಬರ್ ತಿಂಗಳ 21ರ ಹೊತ್ತಿಗೆ ಬೆಳಿಗ್ಗೆ ಒಂಬತ್ತು, ಮಧ್ಯಾಹ್ನ ಹನ್ನೆರಡೂವರೆ, ಮೂರೂವರೆಗೆ ನೆರಳಿನ ಅಂಚಿಗೆ ಸುಣ್ಣದ ಗೆರೆ ಎಳೆದು, ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡರೆ ಸಾಕು. ಈ ಹಾಳೆ ಸಿದ್ಧವಾದ ಮೇಲೆ ವಾಸ್ತುವಿನವರು ಹೇಳುವ ಒಂದು ಮಾತಿಗೂ ಅರ್ಥ ಹೊಳೆಯುತ್ತದೆ. ಎತ್ತರದ ಮರ ಪಶ್ಚಿಮಕ್ಕೆ, ನೈಋತ್ಯಕ್ಕೆ ಇರಲಿ ಎನ್ನುತ್ತಾರಲ್ಲ, ಬೇಸಿಗೆಯಲ್ಲಿ ಮನೆಯನ್ನು ಕಾಯಿಸುವುದು ಮೂರು ಗಂಟೆಯ ನಂತರದ ಪಡುವಣ ಬಿಸಿಲೇ. ನನಗೆ ವಾಸ್ತುವಿನಲ್ಲಿ ನಂಬಿಕೆಯಿಲ್ಲ. ಆದರೂ ಮಲಗುವ ಕೋಣೆಯ ಪಶ್ಚಿಮಕ್ಕೊಂದು ಮರ ಬೇಕು ಎನ್ನುವುದರಲ್ಲಿ ತಕರಾರಿಲ್ಲ.

ಮಳೆಯದು ಇನ್ನೊಂದು ಕಥೆ. ಮೈಸೂರಿಗೆ ವರ್ಷಕ್ಕೆ ಬೀಳುವುದು ಸುಮಾರು 800 ಮಿಲಿಮೀಟರ್. ಮಲೆನಾಡಿನವರು ಇದನ್ನು ಮಳೆ ಎಂದೇ ಕರೆಯಲಾರರು. ಜೂನ್, ಜುಲೈನಲ್ಲಿ ಕೊಡಗಿನಲ್ಲಿ ಸುರಿಯುವಾಗ ಘಟ್ಟದ ಮರೆಯಲ್ಲಿರುವ ನಮಗೆ ಬರೀ ಜಡಿ, ಮೋಡ, ಗಾಳಿ. ನಮ್ಮ ನಿಜವಾದ ಮಳೆ ಮೇನಲ್ಲಿ ಒಮ್ಮೆ, ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಇನ್ನೊಮ್ಮೆ. ಭರಣಿ, ಕೃತ್ತಿಕೆ ಒಂದು ಕಡೆ, ಉತ್ತರೆ, ಹಸ್ತ, ಚಿತ್ತೆ ಇನ್ನೊಂದು ಕಡೆ. ಹಳಬರು ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎಂದರು, ಮಘೆ ಮಳೆ ಬಂದಷ್ಟೂ ಒಳ್ಳೇದು, ಮನೆಮಗ ಉಂಡಷ್ಟೂ ಒಳ್ಳೇದು ಎಂದರು. ಹದಿಮೂರು ಹದಿನಾಲ್ಕು ದಿನಕ್ಕೊಂದು ಹೆಸರಿಟ್ಟು ಮಳೆಯ ಚಾಳಿ ಗುರುತಿಸಿದ ಈ ಪಂಚಾಂಗ ಕೈತೋಟಕ್ಕೆ ಇಂದಿಗೂ ಉಪಯೋಗ. ಮೇ ಮಳೆಯ ಬೆನ್ನಿಗೆ ನೆಟ್ಟ ಸಸಿ ಜಡಿ ಮಳೆಯಲ್ಲಿ ಬೇರು ಬಿಟ್ಟು, ಅಕ್ಟೋಬರಿನಲ್ಲಿ ಇನ್ನೊಂದು ಸಲ ನೀರು ಕುಡಿದು ಬೇಸಿಗೆಗೆ ಗಟ್ಟಿಯಾಗುತ್ತದೆ. ಅಕ್ಟೋಬರಿನಲ್ಲಿ ನೆಟ್ಟದ್ದಕ್ಕೆ ಮೂರು ತಿಂಗಳಲ್ಲೇ ಬಿಸಿಲು ಎದುರಾಗುತ್ತದೆ, ಕೊಡ ಹಿಡಿದು ನಿಲ್ಲುವ ಕೆಲಸ ನಿಮ್ಮದಾಗುತ್ತದೆ.

800 ಮಿಲಿಮೀಟರ್ ಕಡಿಮೆಯೆಂದು ಚಾವಣಿಯ ನೀರನ್ನು ಚರಂಡಿಗೆ ಬಿಡುವವರು ಒಮ್ಮೆ ಲೆಕ್ಕ ಹಾಕಬೇಕು. ಸಾವಿರ ಚದರಡಿಯ ತಾರಸಿಯ ಮೇಲೆ ವರ್ಷಕ್ಕೆ ಬೀಳುವುದು 74,000 ಲೀಟರ್. ಆವಿಯಾಗಿದ್ದು, ಮೊದಲ ಮಳೆಯ ಕೊಳೆ ನೀರು ಕಳೆದು 60,000 ಸಿಕ್ಕರೂ 5,000 ಲೀಟರಿನ ಹನ್ನೆರಡು ಟ್ಯಾಂಕರ್. ಎಲ್ಲವನ್ನೂ ಹಿಡಿದಿಡಲು ಜಾಗವಿಲ್ಲ, ನಿಜ. ಪೈಪಿನ ಬುಡದಲ್ಲಿ ಜಲ್ಲಿ ತುಂಬಿದ ಇಂಗುಗುಂಡಿ ಮಾಡಿದರೆ ನೆಲವೇ ಹಿಡಿದಿಡುತ್ತದೆ. ಮೊದಲ ವರ್ಷದ ಜೋರು ಮಳೆಯಲ್ಲಿ ಕೊಡೆ ಹಿಡಿದು ಒಮ್ಮೆ ಮನೆ ಸುತ್ತಬೇಕು. ನೀರು ಎಲ್ಲಿ ನಿಲ್ಲುತ್ತದೆ, ಎಲ್ಲಿ ಕೊರೆಯುತ್ತದೆ ಎಂದು ಆಗ ಗೊತ್ತಾಗುತ್ತದೆ. ನೀರು ನಿಲ್ಲುವಲ್ಲಿ ಪರಂಗಿ ಕೊಳೆಯುತ್ತದೆ, ಬಾಳೆ ಕೊಬ್ಬುತ್ತದೆ.

ಇನ್ನು ಮಣ್ಣು. ಮೈಸೂರಿನದು ಒಳ್ಳೆಯ ಕೆಮ್ಮಣ್ಣು, ಕಟ್ಟುವವರು ಬಂದುಹೋಗುವ ತನಕ. ಅವರು ಹೋದ ಮೇಲೆ ಮೇಲಿನ ಒಂದಡಿಯಲ್ಲಿ ಇರುವುದು ಜಲ್ಲಿ, ಟೈಲ್ಸಿನ ಚೂರು, ಎಂ-ಸ್ಯಾಂಡ್, ಗಟ್ಟಿಯಾದ ಸಿಮೆಂಟಿನ ಉಂಡೆ. ಅದರ ಮೇಲೊಂದು ಲೋಡು ಕೆಮ್ಮಣ್ಣು ಹರಡಿ ಕಂಟ್ರಾಕ್ಟರು ಕೈ ಮುಗಿಯುತ್ತಾರೆ. ಸಿಮೆಂಟಿನ ಸುಣ್ಣದಂಶ ಮಣ್ಣನ್ನು ಕ್ಷಾರವಾಗಿಸುತ್ತದೆ. ಅಂಥ ಮಣ್ಣಲ್ಲಿ ಕಬ್ಬಿಣದ ಅಂಶವಿದ್ದರೂ ಬೇರಿಗೆ ದಕ್ಕುವುದಿಲ್ಲ. ದಾಸವಾಳದ, ಗುಲಾಬಿಯ ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದರೆ ಇದೇ ಕಾರಣ ಎಂದು ಸಂಶಯಪಡಿ. ಜನ ಗಿಡಕ್ಕೆ ಹಸಿವೆಂದು ಯೂರಿಯಾ ಸುರಿಯುತ್ತಾರೆ. ಮೊದಲು ಬೇಕಾದದ್ದು ಗೊಬ್ಬರವಲ್ಲ, ಹಾರೆ, ಪಿಕಾಸಿ. ಎರಡಡಿ ಅಗೆಸಿ, ಜರಡಿ ಹಿಡಿಸಿ, ಕಸ ಹೊರಹಾಕಿಸುವ ಖರ್ಚು ಹುಲ್ಲುಹಾಸಿನ ಖರ್ಚಿಗಿಂತ ಸಾರ್ಥಕ.

ಮರ ನೆಡಬೇಡಿ ಎಂದರೆ ನೆಲ ಬೋಳು ಬಿಡಿ ಎಂದಲ್ಲ. ಜೂನಿನಲ್ಲಿ ಇಡೀ ಜಾಗಕ್ಕೆ ಹುರುಳಿಯೋ ಅಲಸಂದೆಯೋ ಎರಚಿಬಿಡಿ. ಕಿರಾಣಿ ಅಂಗಡಿಯ ಒಂದು ಕೆಜಿ ಕಾಳು ಸಾಕು. ಹೂ ಬಿಡುವ ಹೊತ್ತಿಗೆ, ಅಂದರೆ ನಲವತ್ತು ನಲವತ್ತೈದು ದಿನಕ್ಕೆ, ಕಿತ್ತು ಅಲ್ಲೇ ಮಣ್ಣಿಗೆ ಸೇರಿಸಬೇಕು. ಒಂದು ಗಿಡ ಕಿತ್ತು ಬೇರು ನೋಡಿ. ಸಾಸಿವೆಯಷ್ಟು, ಕೊತ್ತಂಬರಿ ಬೀಜದಷ್ಟು ಗಂಟುಗಳು ಅಂಟಿಕೊಂಡಿರುತ್ತವೆ. ಉಗುರಿನಿಂದ ಒಡೆದರೆ ಒಳಗೆ ನಸುಗೆಂಪು. ಆ ಬಣ್ಣವಿದ್ದರೆ ಒಳಗಿನ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುತ್ತಿವೆ ಎಂದರ್ಥ. ಬೂದುಬಣ್ಣವಾದರೆ ಕೆಲಸ ನಡೆದಿಲ್ಲ. ಇದರ ಜೊತೆಗೆ ದಂಟು, ಮೆಂತ್ಯ, ಬಸಳೆ, ಬೇಡವಾದಾಗ ಕಿತ್ತೆಸೆಯಬಹುದಾದ ಒಂದೆರಡು ಪರಂಗಿ. ಮೊದಲ ವರ್ಷದ ಅಡುಗೆಮನೆಗೆ ಇಷ್ಟು ಧಾರಾಳವಾಯಿತು.

ಪರಂಗಿ ಹಾಕಿದರೆ ಆಷಾಢದ ಗಾಳಿಯ ಪರಿಚಯವೂ ಆಗುತ್ತದೆ. ಪಶ್ಚಿಮದಿಂದ ಒಂದೇ ಸಮ ಬೀಸುವ ಈ ಗಾಳಿ ಎರಡು ಮನೆಗಳ ಸಂದಿಯಲ್ಲಿ ನುಗ್ಗುವಾಗ ಇನ್ನೂ ಜೋರು. ಬಾಳೆಯ ಎಲೆ ಚಿಂದಿಯಾದ ಜಾಗ, ಊರುಗೋಲು ಕೊಟ್ಟರೂ ಪರಂಗಿ ವಾಲಿದ ಜಾಗ ಗುರುತಿಟ್ಟುಕೊಳ್ಳಿ. ಅಲ್ಲಿ ನುಗ್ಗೆಯಂಥ ಮೆದು ಮರ ಬೇಡ.

ಶ್ರಾವಣದ ಹೊತ್ತಿಗೆ ಬಸವನಹುಳು ಬರುತ್ತವೆ. ಆಫ್ರಿಕದಿಂದ ಬಂದು ಇಲ್ಲಿ ನೆಲೆನಿಂತ ದೊಡ್ಡ ಜಾತಿಯದು, ಅಂಗೈ ಉದ್ದದ ಚಿಪ್ಪು. ಒಂದೇ ರಾತ್ರಿಯಲ್ಲಿ ಸಸಿಮಡಿ ಸಾಫು. ಒದ್ದೆ ಗೋಣಿಚೀಲದ ಕೆಳಗೆ ಪರಂಗಿ ಎಲೆ ಇಟ್ಟರೆ ಬೆಳಗಿನ ಹೊತ್ತಿಗೆ ಅಲ್ಲೇ ಕೂಡಿರುತ್ತವೆ, ಎತ್ತಿ ಉಪ್ಪುನೀರಿಗೆ ಹಾಕಬೇಕು. ಬರಿಗೈಯಲ್ಲಿ ಮುಟ್ಟಬೇಡಿ, ಅವು ಮನುಷ್ಯರ ಮಿದುಳಿಗೆ ತೊಂದರೆ ಕೊಡುವ ಪರೋಪಜೀವಿಯನ್ನು ಹೊತ್ತಿರಬಹುದು. ಈ ವಯಸ್ಸಿನಲ್ಲಿ ಬಸವನಹುಳುವಿಗಿಂತ ದೊಡ್ಡ ಶತ್ರು ಪಾಚಿ. ಕಾಂಪೌಂಡಿನ ಒಳಗಿನ ಸಿಮೆಂಟು ದಾರಿ ಮಳೆಗಾಲದಲ್ಲಿ ಹಸಿರಾಗಿ ಜಾರತೊಡಗುತ್ತದೆ. ತೋಟದ ವಿಷಯದಲ್ಲಿ ಅರವತ್ತರ ನಂತರ ಖರ್ಚು ಮಾಡಲೇಬೇಕಾದ್ದು ಒರಟು ಮೈಯ ಕಲ್ಲುಹಾಸಿಗೆ, ಸೊಂಟದ ಎತ್ತರದ ಪಾತಿಗೆ, ಬಕೆಟ್ ಬದಲು ಉದ್ದದ ಪೈಪಿಗೆ. ಮಂಡಿಯೂರಿ ಕಳೆ ಕೀಳುವ ಶೂರತನವನ್ನು ಮೂಳೆ ಡಾಕ್ಟರು ಮೆಚ್ಚುವುದಿಲ್ಲ.

ದಸರೆಗೆ ಕುಪ್ಪಣ್ಣ ಪಾರ್ಕಿನ ಫಲಪುಷ್ಪ ಪ್ರದರ್ಶನಕ್ಕೆ ಹೋಗಿ ಬಂದವರ ಕೈಯಲ್ಲಿ ಕುಂಡವಿಲ್ಲದಿದ್ದರೆ ಅವರು ಮೈಸೂರಿನವರಲ್ಲ. ಸೇವಂತಿಗೆಯನ್ನು ಅಲ್ಲಿಂದ ತರುವ ಬದಲು ಜುಲೈನಲ್ಲೇ ಸಸಿ ಕೂರಿಸಿದರೆ ಚಳಿಗಾಲದ ಹೂ ನಿಮ್ಮದೇ. ಇದರಲ್ಲೂ ನೋಡಿ ಕಲಿಯುವುದಿದೆ. ನಮ್ಮ ಕಾಂಪೌಂಡಿನ ಉದ್ದಕ್ಕೂ ಸಾಲಾಗಿ ಸೇವಂತಿಗೆ ಕುಂಡಗಳಿದ್ದವು, ಗೇಟಿನ ಪಕ್ಕ ಬೀದಿದೀಪ. ದೀಪಾವಳಿ ಕಳೆಯಿತು, ಮನೆಯ ಮರೆಯಲ್ಲಿದ್ದ ಕುಂಡಗಳಲ್ಲಿ ಮೊಗ್ಗು ಬಿರಿಯಿತು. ದೀಪದ ಕೆಳಗಿನವು ಎತ್ತರಕ್ಕೆ, ಹಸಿರಾಗಿ ಬೆಳೆಯುತ್ತಲೇ ಇದ್ದವು, ಒಂದು ಮೊಗ್ಗಿಲ್ಲ. ಅದೇ ತಳಿ, ಅದೇ ಮಣ್ಣು. ಸೇವಂತಿಗೆ ಹೂವಿಗೆ ಕೂರಬೇಕಾದರೆ ಉದ್ದನೆಯ, ತುಂಡಾಗದ ಕತ್ತಲು ಬೇಕು. ಬೀದಿದೀಪದ ಬೆಳಕಿನಲ್ಲಿ ಅದಕ್ಕೆ ಇರುಳೇ ಆಗುವುದಿಲ್ಲ. ಬೆಂಗಳೂರಿನ ಸುತ್ತಮುತ್ತ ರಾತ್ರಿ ಸೇವಂತಿಗೆ ಹೊಲಗಳಲ್ಲಿ ಸಾಲು ಬಲ್ಬು ಉರಿಯುವುದನ್ನು ಕಂಡಿರುತ್ತೀರಿ. ರೈತರು ಇದೇ ಗುಣವನ್ನು ಬಳಸಿಕೊಂಡು ಬೇಕಾದ ಹಬ್ಬಕ್ಕೆ ಹೂ ತಡಮಾಡಿಸುತ್ತಾರೆ. ನಮ್ಮ ಸೊಗಡಿನ ಅವರೆಯೂ ಹೀಗೇ. ಯಾವಾಗ ಬಿತ್ತಿದರೂ ಹಗಲು ಕುಗ್ಗಿದ ಮೇಲೇ ಹೂ. ಅದಕ್ಕೇ ಅವರೆಕಾಯಿಗೆ ಮಾಗಿಯ ಚಳಿಯೇ ಬೇಕೆಂಬ ನಂಬಿಕೆ. ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯದವರು ವರ್ಷವಿಡೀ ಕಾಯಿ ಕೊಡುವ ತಳಿ ಮಾಡಿದ್ದಾರೆ. ಕಾಯಿ ಬರುತ್ತದೆ, ಸೊಗಡಿನ ಮಾತು ಎತ್ತಬೇಡಿ.

ನವೆಂಬರ್ ಬಂದಾಗ ಕೇಂದ್ರ ಸರ್ಕಾರದ ಪಿಂಚಣಿದಾರರು ಬದುಕಿದ್ದೇವೆ ಎಂದು ಬ್ಯಾಂಕಿಗೆ ಜೀವಿತ ಪ್ರಮಾಣಪತ್ರ ಕೊಡಬೇಕು, 80 ದಾಟಿದವರಿಗೆ ಅಕ್ಟೋಬರಿನಿಂದಲೇ ಅವಕಾಶ. ಮಲ್ಲಿಗೆ ಬಳ್ಳಿ ಸವರುವುದೂ ಆ ಹೊತ್ತಿಗೇ. ನಿರ್ದಾಕ್ಷಿಣ್ಯವಾಗಿ ಸವರಿ ಗೊಬ್ಬರ ಕೊಟ್ಟರೆ ಶಿವರಾತ್ರಿಯ ನಂತರ ಹೂ ತಡೆಯುವವರಿಲ್ಲ.

ಬೇಸಿಗೆ ಹೆಚ್ಚು ಬರೆಸಿಕೊಳ್ಳುವುದಿಲ್ಲ, ಇದ್ದ ಗಿಡಗಳ ಬುಡಕ್ಕೆ ಒಣ ಎಲೆ ಹೊದಿಸಿ ಉಳಿಸಿಕೊಂಡರೆ ಗೆದ್ದಂತೆ. ಹುಲ್ಲುಹಾಸಿನ ಬಗ್ಗೆ ಮಾತ್ರ ಒಂದು ಮಾತು. ಐನೂರು ಚದರಡಿ ಹುಲ್ಲಿಗೆ ಏಪ್ರಿಲ್ ಬಿಸಿಲಲ್ಲಿ ದಿನಕ್ಕೆ 200 ಲೀಟರಿಗೂ ಹೆಚ್ಚು ನೀರು ಬೇಕು. ಕಾವೇರಿ, ಕಬಿನಿಯಿಂದ ಎತ್ತಿ ಶುದ್ಧಮಾಡಿ ಕಳಿಸಿದ ಕುಡಿಯುವ ನೀರನ್ನು ಯಾವ ದನವೂ ಮೇಯದ ಹುಲ್ಲಿಗೆ ಸುರಿಯುವುದನ್ನು ನಾನು ಒಪ್ಪಲಾರೆ.

ಇಷ್ಟಾದ ಮೇಲೆ ಮರದ ವಿಷಯ. ಅರವತ್ತಕ್ಕೆ ಅರಳು ಮರಳು ಎಂದು ನಗುವವರಿಗೆ ಒಂದು ಉದಾಹರಣೆ ಹೇಳಬೇಕು. ಕುವೆಂಪು ಮೈಸೂರು ವಿಶ್ವವಿದ್ಯಾಲಯದ ಕುಲಪತಿ ಸ್ಥಾನದಿಂದ 1960ರಲ್ಲಿ ನಿವೃತ್ತರಾದರು, ಒಂಟಿಕೊಪ್ಪಲಿನ 'ಉದಯರವಿ'ಯಲ್ಲಿ 1994ರವರೆಗೆ ಬಾಳಿದರು. ನಿವೃತ್ತಿಯ ನಂತರದ ಬದುಕು ಮೂವತ್ತು ವರ್ಷ ದಾಟಬಹುದು. ಕಸಿ ಮಾವು ನಾಲ್ಕು ವರ್ಷಕ್ಕೆ ಫಸಲು ಕೊಡುತ್ತದೆ, ಸಪೋಟವೂ ಹೆಚ್ಚುಕಮ್ಮಿ ಅಷ್ಟೇ, ಸೀಬೆ ಎರಡು ಮೂರು ವರ್ಷಕ್ಕೆ, ಊರ ತೆಂಗು ಏಳೆಂಟು ವರ್ಷಕ್ಕೆ. ಒಂದು ವರ್ಷ ಕಾದರೆ ಕಳೆದುಹೋಗುವುದೇನಿಲ್ಲ. ತಪ್ಪು ಜಾಗದಲ್ಲಿ ನೆಟ್ಟರೆ ಮಾತ್ರ ಬಿಡಿಸಿಕೊಳ್ಳುವುದು ಕಷ್ಟ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಕೆಲವು ಜಾತಿಗಳನ್ನು ಬಿಟ್ಟು ಉಳಿದ ಮರಗಳನ್ನು ನಿಮ್ಮ ಸೈಟಿನಲ್ಲೇ ಇದ್ದರೂ ವೃಕ್ಷಾಧಿಕಾರಿಯ ಅನುಮತಿಯಿಲ್ಲದೆ ಕಡಿಯುವಂತಿಲ್ಲ. ನೆಡುವುದಕ್ಕೆ ಯಾರ ಅನುಮತಿಯೂ ಬೇಡವಾದ್ದರಿಂದ ನಾವೇ ಎರಡು ಸಲ ಯೋಚಿಸಬೇಕು.

40-60ರ ಸೈಟಿನಲ್ಲಿ ಮನೆ ಕಟ್ಟಿ ಉಳಿದ ಜಾಗಕ್ಕೆ ದೊಡ್ಡ ಮರ ಒಂದು, ಹೆಚ್ಚೆಂದರೆ ಎರಡು. ಗುಂಡಿಯನ್ನು ಏಪ್ರಿಲ್ಲಿನಲ್ಲೇ ಮೂರಡಿ ಆಳ, ಮೂರಡಿ ಅಗಲ ತೋಡಿ ಬಿಸಿಲಿಗೆ ಬಿಟ್ಟರೆ ಗೆದ್ದಲು, ಹುಳ ಕಡಿಮೆಯಾಗುತ್ತವೆ. ಮೇಲ್ಮಣ್ಣು, ಕೊಟ್ಟಿಗೆ ಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ ಬೆರೆಸಿ ತುಂಬಿ, ಮಳೆ ಬಿದ್ದು ಮಣ್ಣು ಕೂತ ಮೇಲೆ ಸಸಿ. ಸಂಪು, ಒಳಚರಂಡಿಯ ಪೈಪಿನಿಂದ ಆದಷ್ಟು ದೂರ.

ಯಾವ ಮರ ಎನ್ನುವುದಕ್ಕೆ ನರ್ಸರಿಯವರು ಹೇಳದ ಒಂದು ಲೆಕ್ಕ ನಮ್ಮ ಬೀದಿಯಲ್ಲಿ ಬಳಕೆಯಲ್ಲಿದೆ. ಇಲ್ಲಿ ಮನೆಗೊಬ್ಬರಾದರೂ ಮಕ್ಕಳು ಅಮೆರಿಕದಲ್ಲೋ ಜರ್ಮನಿಯಲ್ಲೋ ಇದ್ದಾರೆ. ಮೊಮ್ಮಕ್ಕಳಿಗೆ ಅಲ್ಲಿ ಬೇಸಿಗೆ ರಜೆ ಶುರುವಾಗುವುದು ಜೂನ್, ಜುಲೈ ಹೊತ್ತಿಗೆ. ಅವರು ಬಂದಿಳಿಯುವಷ್ಟರಲ್ಲಿ ನಮ್ಮ ರಸಪುರಿ, ಬಾದಾಮಿ ಮುಗಿದಿರುತ್ತವೆ. ಅವರು ಬರುವುದು ಜುಲೈನಲ್ಲಾದರೆ ತಡವಾಗಿ ಹಣ್ಣಾಗುವ ಮಲ್ಲಿಕಾ, ನೀಲಂ ಇಲ್ಲವೇ ನೇರಳೆ ಸರಿ. ಕ್ರಿಸ್ಮಸ್ ರಜೆಗೆ ಬರುವವರಾದರೆ ಸೀಬೆ, ಅವರೆಕಾಯಿ. ನಮ್ಮವರಿಗೆ ಇದನ್ನು ವಿವರಿಸಿ ಹೇಳಿದೆ. ಬಾದಾಮಿಯ ಆಸೆ ಬಿಟ್ಟು ಮಲ್ಲಿಕಾಕ್ಕೆ ಒಪ್ಪಿದರು. ಆಮೇಲೆ ಕನ್ನಡಕ ತೆಗೆದು ಕೇಳಿದರು, "ಅಲ್ಲ ಕಣೇ, ವರ್ಷವಿಡೀ ಇಲ್ಲೇ ಇರೋರಿಗೆ?"

"ನುಗ್ಗೆ ಹಾಕಿ ರೀ, ಗಾಳಿ ಬಡಿಯದ ಕಡೆ," ಎಂದೆ. ಆರೆಂಟು ತಿಂಗಳಲ್ಲಿ ಕಾಯಿ ಬಿಡುತ್ತದೆ.